ಮನೆಯ ಟಿ.ವಿ., ಫೋನ್, ಆ್ಯಪ್‌ಗಳ ಖರ್ಚಿನ ಲೆಕ್ಕ ಇಡುವುದು ಹೇಗೆ, ಒಬ್ಬರ ಖಾಸಗಿತನಕ್ಕೆ ಕೈ ಹಾಕದೆ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಪ್ರತಿ ವರ್ಷವೂ ದೊಡ್ಡ ಅಂಕಿಯ ಕ್ಯಾಲೆಂಡರ್ ಒಂದು ಬರುತ್ತದೆ. ಅರ್ಧ ಲೀಟರ್ ಹಾಲು ಹೆಚ್ಚಿಗೆ ತೆಗೆದುಕೊಂಡ ದಿನ, ಹಾಲೇ ಬೇಡವೆಂದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ಪತ್ರಿಕೆ ಹಾಕುವ ಹುಡುಗನಿಗೆ ದುಡ್ಡು ಕೊಟ್ಟ ದಿನ, ಇವೆಲ್ಲವನ್ನೂ ಆಯಾ ತಾರೀಖಿನ ಚೌಕದಲ್ಲಿ ಬರೆಯುವ ರೂಢಿಯನ್ನು ನಮ್ಮ ಅತ್ತೆಯವರು ಹಾಕಿಕೊಟ್ಟರು. ನಾನು ಅದನ್ನೇ ನಡೆಸಿಕೊಂಡು ಬಂದಿದ್ದೇನೆ. ಹೀಗೆ ಹಾಲಿನ ಲೆಕ್ಕ ತಪ್ಪದ ಮನೆಯಲ್ಲಿ, ನನ್ನ ಬ್ಯಾಂಕ್ ಖಾತೆಯಿಂದ ತಿಂಗಳಿಗೆ 199 ರೂಪಾಯಿಯಂತೆ ಒಂಬತ್ತು ತಿಂಗಳು ಹಣ ಹೋಗುತ್ತಿದ್ದುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಂಟನೇ ತರಗತಿಯ ಮಗ ಕ್ರಿಕೆಟ್ ಪಂದ್ಯ ನೋಡಬೇಕೆಂದು ನನ್ನ ಫೋನಿನಲ್ಲಿ ಒಂದು ರೂಪಾಯಿಯ ಪ್ರಾಯೋಗಿಕ ಚಂದಾ ತೆಗೆದುಕೊಂಡಿದ್ದ. ಹಿಂದೊಮ್ಮೆ ಒಲೆಯ ಮುಂದೆ ನಿಂತಿದ್ದಾಗ ನಾನೇ ಅವನಿಗೆ ಯುಪಿಐ ಪಿನ್ ಹೇಳಿದ್ದೆ. ಪಂದ್ಯಗಳು ಮುಗಿದ ಮೇಲೆ ಅವನು ಆ್ಯಪ್ ಅಳಿಸಿ ಹಾಕಿದ, ಆದರೆ ಚಂದಾ ಹಾಗೆಯೇ ಉಳಿಯಿತು.

ಹೋದ 1,791 ರೂಪಾಯಿಗಿಂತ ಹೆಚ್ಚಿನ ನಷ್ಟವನ್ನು ಅದರ ಮೂಲ ಹುಡುಕುವಾಗ ನಾನು ಮಾಡಿಕೊಂಡೆ. ಯಾವ ಆ್ಯಪ್, ಯಾರು ಹಾಕಿದ್ದು ಎಂದು ತಿಳಿಯುವ ಆತುರದಲ್ಲಿ ಟಿ.ವಿ.ಯಲ್ಲಿದ್ದ ಎಲ್ಲರ ವೀಕ್ಷಣೆಯ ಪಟ್ಟಿಗಳನ್ನೂ ಮಗಳ ಫೋನನ್ನೂ ತೆರೆದು ನೋಡಿದೆ. ಮಗಳು ಆಗ ದ್ವಿತೀಯ ಪಿಯುಸಿಯಲ್ಲಿದ್ದಳು. ಪರೀಕ್ಷೆಯ ಹೆದರಿಕೆಯಿಂದ ರಾತ್ರಿ ನಿದ್ದೆ ಬಾರದಿದ್ದರೆ ಏನು ಮಾಡಬೇಕೆಂದು ವೈದ್ಯರೊಬ್ಬರು ಹೇಳುವ ವಿಡಿಯೊಗಳನ್ನು ಅವಳು ಸಾಲಾಗಿ ನೋಡಿದ್ದಳು. ಅದನ್ನು ನಾನು ರಾತ್ರಿ ಊಟದ ಹೊತ್ತಿನಲ್ಲಿ ಎಲ್ಲರ ಎದುರು ಕೇಳಿದೆ. ಅವಳು ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದುಹೋದಳು. ಮರುದಿನದಿಂದ ಅವಳ ಫೋನಿಗೆ ಹೊಸ ಪಾಸ್‌ವರ್ಡ್ ಬಂತು, ಮಾತು ಕಡಿಮೆಯಾಯಿತು. ಅತ್ತೆಯವರು ಮಾತ್ರ ನನ್ನನ್ನು ಹಿತ್ತಲಿಗೆ ಕರೆದು, "ದುಡ್ಡಿನ ಲೆಕ್ಕ ಕೇಳವ್ವ, ಯಾರೂ ಬ್ಯಾಡ ಅನ್ನಲ್ಲ. ಅವ್ಳು ಏನು ನೋಡಿದ್ಳು ಅಂತ ನಾಲ್ಕು ಜನದ ಮುಂದೆ ಕೇಳಬ್ಯಾಡ" ಎಂದರು. ಈ ಬರಹದಲ್ಲಿ ಹೇಳುವ ಕ್ರಮವನ್ನು ನಾವು ರೂಪಿಸಿಕೊಂಡದ್ದು ಆ ಮಾತಿನಿಂದಲೇ. ಹಣದ ಲೆಕ್ಕ ಮನೆಯ ಎಲ್ಲರಿಗೂ ಕಾಣುವಂತಿರಬೇಕು. ಯಾರು ಏನು ನೋಡಿದರು, ಏನು ಕೇಳಿದರು ಎಂಬುದು ಆ ಲೆಕ್ಕದೊಳಗೆ ಬರಕೂಡದು.

ಹಣ ಹೋಗುವ ದಾರಿಗಳನ್ನು ಹುಡುಕುವುದು

ಒಂದು ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡು, ಮನೆಯವರು ಹಣ ಕಟ್ಟಲು ಬಳಸುವ ಪ್ರತಿಯೊಂದು ಬ್ಯಾಂಕ್ ಖಾತೆಯ ಹಿಂದಿನ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಮುಂದಿಟ್ಟುಕೊಳ್ಳಿ. ಎರಡು ಮೂರು ತಿಂಗಳದ್ದು ಸಾಲುವುದಿಲ್ಲ, ಏಕೆಂದರೆ ವಾರ್ಷಿಕ ಚಂದಾಗಳು ವರ್ಷಕ್ಕೆ ಒಂದೇ ಸಲ ತಲೆ ಎತ್ತುತ್ತವೆ, ಮತ್ತು ನಾವು ಮರೆತಿರುವುದು ಹೆಚ್ಚಾಗಿ ಅವನ್ನೇ. ಸ್ಟೇಟ್‌ಮೆಂಟಿನಲ್ಲಿ ಆ್ಯಪ್‌ನ ಹೆಸರು ಪೂರ್ತಿಯಾಗಿ ಇರುವುದು ಅಪರೂಪ. ನಡುವಿನ ಪಾವತಿ ಸಂಸ್ಥೆಯ ಹೆಸರೋ ನಾಲ್ಕಾರು ಅಕ್ಷರಗಳ ಸಂಕೇತವೋ ಇರುತ್ತದೆ. ಅಂಥ ಸಾಲು ಕಂಡರೆ ತಾರೀಖು ಮತ್ತು ಮೊತ್ತವನ್ನು ಗುರುತು ಮಾಡಿಕೊಂಡು, ಅದೇ ತಾರೀಖಿನ ಮೆಸೇಜ್ ಮತ್ತು ಇಮೇಲ್‌ಗಳಲ್ಲಿ ಹುಡುಕಿದರೆ ಬಹುಪಾಲು ಗೊತ್ತಾಗಿಬಿಡುತ್ತದೆ.

ಅದಾದ ಮೇಲೆ ಫೋನ್‌ಗಳ ಸರದಿ. ಇಲ್ಲಿ ಒಂದು ಕಟ್ಟುಪಾಡು ಬೇಕು: ಪ್ರತಿಯೊಬ್ಬರೂ ತಮ್ಮ ಫೋನನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು ನೋಡಬೇಕು, ಮೊತ್ತ ಮತ್ತು ತಾರೀಖನ್ನು ಮಾತ್ರ ಬಾಯಿಬಿಟ್ಟು ಹೇಳಬೇಕು, ಬರೆಯುವವರು ಬರೆದುಕೊಳ್ಳಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲ್ತುದಿಯ ನಿಮ್ಮ ಚಿತ್ರವನ್ನು ಒತ್ತಿದರೆ ಪಾವತಿ ಮತ್ತು ಚಂದಾಗಳ ವಿಭಾಗ ಸಿಗುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ನಿಮ್ಮ ಹೆಸರನ್ನು ಒತ್ತಿದರೆ ಅಂಥದೇ ಪಟ್ಟಿ ಇರುತ್ತದೆ. ಎರಡನೆಯ ಜಾಗ ಯುಪಿಐ ಆ್ಯಪ್‌ನೊಳಗಿನ ಆಟೋಪೇ ಪಟ್ಟಿ, ಅಂದರೆ ತಾನಾಗಿ ಹಣ ಕಡಿತವಾಗಲು ಕೊಟ್ಟಿರುವ ಒಪ್ಪಿಗೆಗಳ ಪಟ್ಟಿ. ಮೂರನೆಯದು ಬ್ಯಾಂಕಿನ ಕಡೆ ಇರುವ ಪಟ್ಟಿ, ಅಂದರೆ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನ ಮೇಲೆ ಕೊಟ್ಟಿರುವ ಇಂಥದೇ ಒಪ್ಪಿಗೆಗಳು (ಇ-ಮ್ಯಾಂಡೇಟ್). ಇವು ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಸಿಗುತ್ತವೆ. ಈ ಮೂರೂ ಬೇರೆ ಬೇರೆ ದಾರಿಗಳಾದ್ದರಿಂದ ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಇರಬಹುದು. ನಮ್ಮ ಮಗ ಅಂದು, "ಆ್ಯಪ್ ಡಿಲೀಟ್ ಮಾಡಿದ್ನಲ್ಲಮ್ಮ, ಮತ್ತೆ ಹೆಂಗೆ ದುಡ್ಡು ಕಟ್ ಆಗುತ್ತೆ?" ಎಂದು ಕೇಳಿದ. ಅನೇಕ ದೊಡ್ಡವರ ತಿಳಿವಳಿಕೆಯೂ ಇದೇ ಆಗಿರುವುದರಿಂದ ಬಿಡಿಸಿ ಹೇಳುತ್ತೇನೆ. ಆ್ಯಪ್ ಅಳಿಸಿದರೆ ಫೋನಿನಿಂದ ಅದು ಹೋಗುತ್ತದೆ; ಹಣ ತೆಗೆದುಕೊಳ್ಳಲು ನೀವು ಬ್ಯಾಂಕಿಗೆ ಕೊಟ್ಟ ಒಪ್ಪಿಗೆ ಹೋಗುವುದಿಲ್ಲ. ಆ ಒಪ್ಪಿಗೆಯನ್ನು ಪ್ರತ್ಯೇಕವಾಗಿ ರದ್ದು ಮಾಡಬೇಕು.

ಇದರ ಜೊತೆಗೆ ಕೇಬಲ್ ಅಥವಾ ಡಿಶ್, ಬ್ರಾಡ್‌ಬ್ಯಾಂಡ್, ಫೋನ್ ರೀಚಾರ್ಜ್, ಪತ್ರಿಕೆ, ಮಾಸಿಕಗಳನ್ನೂ ಅದೇ ಹಾಳೆಗೆ ಸೇರಿಸಿ, ಎಲ್ಲವನ್ನೂ ವರ್ಷದ ಲೆಕ್ಕಕ್ಕೆ ತನ್ನಿ. ಫೋನ್ ರೀಚಾರ್ಜಿನಲ್ಲಿ ಜನ ಎಡವುವುದು ಈ ಲೆಕ್ಕದಲ್ಲಿ. 28 ದಿನಗಳ ರೀಚಾರ್ಜನ್ನು ನಾವು ಬಾಯಲ್ಲಿ "ತಿಂಗಳ ರೀಚಾರ್ಜ್" ಎನ್ನುತ್ತೇವೆ. ಆದರೆ ವರ್ಷದ 365 ದಿನಗಳಿಗೆ ಅದು ಹನ್ನೆರಡು ಸಲ ಸಾಲದೆ ಹದಿಮೂರು ಸಲ ಬೇಕಾಗುತ್ತದೆ. 300 ರೂಪಾಯಿಯ ಅಂಥ ರೀಚಾರ್ಜ್ ನಾಲ್ಕು ಫೋನ್‌ಗಳಿಗೆ ಇದ್ದರೆ ವರ್ಷಕ್ಕೆ 14,400 ಎಂದು ಮನಸ್ಸಿನಲ್ಲಿ ಇರುತ್ತದೆ, ಹೋಗುವುದು 15,600. ಪ್ರತಿಯೊಂದು ಕಂಪನಿಯೂ 30 ದಿನಗಳ ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಯೋಜನೆಯನ್ನೂ ಕನಿಷ್ಠ ಒಂದೊಂದಾದರೂ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಆದೇಶಿಸಿದೆ. ಅಂಗಡಿಯವರು ತಾವಾಗಿ ಹೇಳದಿದ್ದರೂ ಕೇಳಿ ನೋಡಬೇಕು. ಬೆಲೆಯನ್ನು ಅವಧಿಯ ದಿನಗಳಿಂದ ಭಾಗಿಸಿ, ದಿನಕ್ಕೆಷ್ಟು ಎಂದು ಹೋಲಿಸಿದರೆ ಯಾವುದು ಅಗ್ಗವೆಂದು ತಿಳಿಯುತ್ತದೆ.

ನಮ್ಮ ಹಾಳೆಯಲ್ಲಿ ನಾಲ್ಕು ಫೋನ್‌ಗಳಿಗೆ 15,600, ತೆರಿಗೆ ಸೇರಿ 708 ರೂಪಾಯಿಯ ಬ್ರಾಡ್‌ಬ್ಯಾಂಡಿಗೆ 8,496, ಕೇಬಲ್‌ಗೆ 4,200, ಪತ್ರಿಕೆಗೆ 2,400, ತಿಂಗಳ ಚಂದಾ ಒಂದಕ್ಕೆ 2,388, ವಾರ್ಷಿಕ ಚಂದಾ ಒಂದಕ್ಕೆ 1,499 ಎಂದು ಬರೆದು ಕೂಡಿಸಿದಾಗ 34,583 ಬಂತು. ತಿಂಗಳಿಗೆ ಸಾವಿರದೈನೂರು ಆಗುತ್ತಿರಬಹುದೆಂದು ನಮ್ಮ ಮನೆಯವರು ಅಂದಾಜು ಮಾಡಿದ್ದರು. ಅದು ಎರಡು ಸಾವಿರದ ಎಂಟುನೂರನ್ನು ದಾಟಿತ್ತು.

ಒಂದು ರೂಪಾಯಿಯ ಪರದೆಯನ್ನು ಓದುವ ಬಗೆ

ಪ್ರಾಯೋಗಿಕ ಚಂದಾಕ್ಕೆ ಒಪ್ಪಿಗೆ ಕೊಡುವ ಆ ಒಂದು ಕ್ಷಣದಲ್ಲೇ ಮುಂದಿನ ತಿಂಗಳುಗಳ ಹಣ ನಿರ್ಧಾರವಾಗಿಬಿಡುವುದರಿಂದ ಅದನ್ನು ಹತ್ತಿರದಿಂದ ನೋಡಬೇಕು. ಆ್ಯಪ್‌ನಲ್ಲಿ "1 ರೂಪಾಯಿಗೆ ನೋಡಿ" ಎಂಬುದನ್ನು ಒತ್ತಿದಾಗ ಯುಪಿಐ ಪರದೆ ತೆರೆದುಕೊಳ್ಳುತ್ತದೆ. ಕಣ್ಣು ಮೊದಲು ಹೋಗುವುದು ದೊಡ್ಡಕ್ಷರದ ಒಂದು ರೂಪಾಯಿಯ ಮೇಲೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೂ ಕೆಲವು ವಿವರಗಳಿರುತ್ತವೆ: ಒಂದು ಸಲಕ್ಕೆ ಗರಿಷ್ಠ ಎಷ್ಟು ಹಣ ತೆಗೆಯಬಹುದು, ಎಷ್ಟು ದಿನಕ್ಕೊಮ್ಮೆ ತೆಗೆಯಬಹುದು, ಯಾವ ತಾರೀಖಿನವರೆಗೆ ತೆಗೆಯಬಹುದು. ಪಿನ್ ಒತ್ತಿದಾಗ ನೀವು ಒಪ್ಪಿದ್ದು ಆ ಒಂದು ರೂಪಾಯಿಗಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ, ಈ ವಿವರಗಳಿಗೂ ಒಪ್ಪಿದಂತಾಯಿತು. ನನ್ನ ಫೋನಿನ ಆಟೋಪೇ ಪಟ್ಟಿಯನ್ನು ಆಮೇಲೆ ತೆರೆದಾಗ, ಮುಕ್ತಾಯದ ತಾರೀಖಿನ ಜಾಗದಲ್ಲಿ ನಾನು ನಿವೃತ್ತಿಯಾಗುವ ವರ್ಷವನ್ನೂ ದಾಟಿದ ಇಸವಿಯೊಂದು ಇತ್ತು.

ಒಮ್ಮೆ ಹೀಗೆ ಒಪ್ಪಿದ ಮೇಲೆ 15,000 ರೂಪಾಯಿಯವರೆಗಿನ ಕಂತುಗಳು ಮತ್ತೆ ಪಿನ್ ಅಥವಾ ಒಟಿಪಿ ಕೇಳದೆ ಹೋಗುತ್ತವೆ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮ ಮೊದಲು 5,000 ರೂಪಾಯಿಗೆ ನಿಲ್ಲಿಸಿದ್ದ ಈ ಮಿತಿಯನ್ನು 2022ರ ಜೂನ್‌ನಲ್ಲಿ 15,000ಕ್ಕೆ ಏರಿಸಲಾಯಿತು. ಅದೇ ನಿಯಮದಲ್ಲಿ ಗ್ರಾಹಕರ ಪರವಾದ ಸಂಗತಿಗಳೂ ಇವೆ. ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ನಿಮಗೆ ತಿಳಿಸಬೇಕು, ಆ ಒಂದು ಕಂತನ್ನು ಅಥವಾ ಇಡೀ ಒಪ್ಪಿಗೆಯನ್ನು ನಿರಾಕರಿಸಲು ದಾರಿ ಕೊಡಬೇಕು, ಈ ಸೌಲಭ್ಯಕ್ಕೆ ಶುಲ್ಕ ತೆಗೆದುಕೊಳ್ಳಬಾರದು. ನನಗೂ ಒಂಬತ್ತು ತಿಂಗಳು ಆ ಮುನ್ಸೂಚನೆಯ ಮೆಸೇಜ್ ಬಂದೇ ಇತ್ತು. ಸಾಲದ ಕೊಡುಗೆ, ಆಫರ್‌ಗಳ ಮೆಸೇಜ್‌ಗಳ ನಡುವೆ ಇಂಗ್ಲಿಷಿನಲ್ಲಿದ್ದ ಅದನ್ನು ಓದದೆ ಬಿಟ್ಟಿದ್ದೆ. ಅದಕ್ಕಾಗಿ ಈಗ ನಾವು ಬ್ಯಾಂಕಿನ ಮೆಸೇಜನ್ನು ನೆಚ್ಚಿಕೊಳ್ಳದೆ, ಯಾವುದೇ ಪ್ರಾಯೋಗಿಕ ಚಂದಾ ತೆಗೆದುಕೊಂಡ ಗಳಿಗೆಯಲ್ಲೇ ಅದು ಮುಗಿಯುವ ದಿನಕ್ಕಿಂತ ಮೂರು ದಿನ ಮೊದಲಿನ ಚೌಕದಲ್ಲಿ ಕೆಂಪು ಪೆನ್ನಿನಿಂದ ಮೊತ್ತ ಬರೆಯುತ್ತೇವೆ. ಆ ದಿನ ಬೆಳಿಗ್ಗೆ ಅದು ಬೇಕೋ ಬೇಡವೋ ಎಂದು ತೀರ್ಮಾನವಾಗಬೇಕು.

ರದ್ದು ಮಾಡುವಾಗ ಎರಡೂ ಕಡೆ ಮಾಡಿ. ಮೊದಲು ಆ್ಯಪ್‌ನಲ್ಲಿ ಅಥವಾ ಪ್ಲೇ ಸ್ಟೋರ್‌ನಲ್ಲಿ ಚಂದಾ ನಿಲ್ಲಿಸಿ, ನಂತರ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಗೆ ಹೋಗಿ ಅಲ್ಲಿರುವ ಒಪ್ಪಿಗೆಯನ್ನು ಪಿನ್ ಒತ್ತಿ ರದ್ದುಪಡಿಸಿ, ರದ್ದಾಯಿತೆಂಬ ಪರದೆಯ ಚಿತ್ರ (ಸ್ಕ್ರೀನ್‌ಶಾಟ್) ತೆಗೆದಿಟ್ಟುಕೊಳ್ಳಿ. ಸೇರುವ ಬಟನ್ ಕಣ್ಣಿಗೆ ಹೊಡೆಯುವಂತಿದ್ದು ಬಿಡುವ ಬಟನ್ ನಾಲ್ಕು ಪುಟಗಳ ಒಳಗೆ ಅಡಗಿದ್ದರೆ, ಅದು ನಿಮ್ಮ ದಡ್ಡತನ ಎಂದು ತಿಳಿಯಬೇಡಿ. ಉಚಿತ ಚಂದಾ ಕೊಡುವ ನೆಪದಲ್ಲಿ ಹಣ ಕಡಿತದ ಒಪ್ಪಿಗೆಯನ್ನು ಬಲವಂತವಾಗಿ ಪಡೆಯುವುದು, ರದ್ದು ಮಾಡುವ ದಾರಿಯನ್ನು ಜಟಿಲಗೊಳಿಸುವುದು ಇವುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ಅಂಥ ಮೋಸದ ವಿನ್ಯಾಸಗಳಲ್ಲಿ ಒಟ್ಟು 13 ಬಗೆಗಳನ್ನು ಅದು ಪಟ್ಟಿ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಪರದೆಯ ಚಿತ್ರಗಳು ಆಗ ಕೆಲಸಕ್ಕೆ ಬರುತ್ತವೆ.

ಯಾವುದನ್ನು ಉಳಿಸಿಕೊಳ್ಳುವುದು

ಕೈಬಿಡುವ ಮೊದಲು ಯಾರಿಗೆ ಏನು ಮುಖ್ಯವೆಂದು ಕೇಳಬೇಕು, ಕೇಳುವಾಗ ಕಾರಣ ಕೇಳಬಾರದು. ಪ್ರತಿಯೊಬ್ಬರೂ "ಇದೊಂದು ನನಗೆ ಇರಲಿ" ಎಂದು ಒಂದನ್ನು ಹೇಳುವ ಹಕ್ಕು ಇಟ್ಟುಕೊಳ್ಳಲಿ. ಏಕೆ ಎಂದು ವಿವರಿಸುವ ಹೊರೆ ಅವರ ಮೇಲೆ ಬೇಡ. ಅತ್ತೆಯವರು ಕೇಬಲ್ ಬೇಕೆಂದರು, ಅಷ್ಟಕ್ಕೇ ಅದು ಉಳಿಯಿತು. ಆದರೆ ಕೇಬಲ್ ಉಳಿಸಿಕೊಂಡೇ ಅದರ ಬಿಲ್ ಇಳಿಸಬಹುದು. 2019ರಿಂದ ಕೇಬಲ್ ಮತ್ತು ಡಿಶ್ ಗ್ರಾಹಕರು ತಮಗೆ ಬೇಕಾದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದಾಗಿದ್ದು, ಪ್ರತಿ ಚಾನೆಲ್ಲಿನ ಬೆಲೆಯನ್ನೂ ಪ್ರಕಟಿಸಬೇಕಾಗಿದೆ. ಒಂದು ವಾರ ಮನೆಯಲ್ಲಿ ಯಾವ ಚಾನೆಲ್ಲುಗಳು ಹಚ್ಚಲ್ಪಡುತ್ತವೆ ಎಂದು ಎಲ್ಲರೂ ಸೇರಿ ಬರೆದು, ಆ ಪಟ್ಟಿಯನ್ನು ಕೇಬಲ್‌ನವರಿಗೆ ಕೊಟ್ಟರೆ ದೊಡ್ಡ ಪ್ಯಾಕೇಜಿನ ಅಗತ್ಯ ಹಲವು ಮನೆಗಳಿಗೆ ಇರುವುದಿಲ್ಲ. ಊರಿನ ಆಚೆ ಹೊಲದ ಮನೆಗಳಲ್ಲಿರುವವರು ದೂರದರ್ಶನದ ಡಿಡಿ ಫ್ರೀ ಡಿಶ್ ಹಾಕಿಸಿಕೊಂಡರೆ, ಡಿಶ್ ಮತ್ತು ಬಾಕ್ಸಿಗೆ ಒಂದು ಸಲ ಕೊಡುವ ಹಣ ಬಿಟ್ಟರೆ ತಿಂಗಳ ಬಾಡಿಗೆಯೇ ಇಲ್ಲ. ಡಿಡಿ ಚಂದನ ಅದರಲ್ಲಿ ಬರುತ್ತದೆ.

ಅತ್ತೆಯವರದು ಗುಂಡಿ ಒತ್ತುವ ಫೋನ್. ಅದಕ್ಕೂ ನಾವು ಇಂಟರ್‌ನೆಟ್ ಇರುವ ರೀಚಾರ್ಜನ್ನೇ ಹಾಕುತ್ತ ಬಂದಿದ್ದೆವು. ಇಂಟರ್‌ನೆಟ್ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಯೋಜನೆಯನ್ನು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅವರ ಫೋನನ್ನು ಅದಕ್ಕೆ ಬದಲಾಯಿಸಿದೆವು. ಒಟಿಟಿ, ಅಂದರೆ ಇಂಟರ್‌ನೆಟ್ ಮೂಲಕ ಸಿನಿಮಾ, ಧಾರಾವಾಹಿ ತೋರಿಸುವ ಆ್ಯಪ್‌ಗಳಲ್ಲಿ ಒಂದು ಸಮಯಕ್ಕೆ ಒಂದೇ ಎಂಬ ಕ್ರಮ ನಮಗೆ ಒಗ್ಗಿದೆ. ಒಂದು ತಿಂಗಳು ಒಂದಕ್ಕೆ ಕಟ್ಟಿ, ನೋಡಬೇಕಾದ್ದನ್ನು ನೋಡಿ, ನಿಲ್ಲಿಸಿ, ಮುಂದಿನ ತಿಂಗಳು ಬೇರೊಂದಕ್ಕೆ ಕಟ್ಟಬಹುದು. ವಾರ್ಷಿಕ ಚಂದಾ ತಿಂಗಳ ಲೆಕ್ಕದಲ್ಲಿ ಅಗ್ಗವೆಂದು ಕಂಡರೂ, ವರ್ಷದಲ್ಲಿ ಐದು ತಿಂಗಳು ತೆರೆಯದೇ ಇರುವ ಮನೆಗೆ ಅದು ದುಬಾರಿ.

ಪತ್ರಿಕೆಯನ್ನು ಮಾತ್ರ ನಿಲ್ಲಿಸಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ನಮ್ಮ ಊರಿನ ಜನತಾವಾಣಿಯೂ ಒಂದು ರಾಜ್ಯಮಟ್ಟದ ಪತ್ರಿಕೆಯೂ ಮನೆಗೆ ಬಂದರೆ, ಮಾರುಕಟ್ಟೆಯ ಮೆಕ್ಕೆಜೋಳದ ದರದಿಂದ ಹಿಡಿದು ನೀರು ಬಿಡುವ ಸುದ್ದಿಯವರೆಗೆ ಎಲ್ಲರೂ ಅದೇ ಹಾಳೆಯನ್ನು ಓದುತ್ತಾರೆ, ಮತ್ತು ಯಾರು ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರೆಂಬುದು ಯಾವ ಕಂಪನಿಗೂ ತಿಳಿಯುವುದಿಲ್ಲ. ಗ್ರಂಥಾಲಯಕ್ಕೂ ಇದೇ ಗುಣವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಮಹಾನಗರ ಪಾಲಿಕೆಯ ಕಂದಾಯದ ರಸೀದಿಯನ್ನು ತೆಗೆದು ನೋಡಿದರೆ ಅದು ಕಾಣುತ್ತದೆ. ಈಗಾಗಲೇ ಹಣ ಕೊಟ್ಟಿರುವ ಈ ಚಂದಾವನ್ನು ಬಳಸಿಕೊಳ್ಳದೆ ಇರುವುದು ನನಗೆ ಬೇಸರ ತರಿಸುತ್ತದೆ.

ಒಂದೇ ಟಿ.ವಿ., ಐದು ಜನ

ಮನೆಗೆ ಒಂದೇ ಟಿ.ವಿ. ಇದ್ದು, ಅದರಲ್ಲಿ ಒಬ್ಬರ ಖಾತೆ ಮಾತ್ರ ತೆರೆದಿದ್ದರೆ, ಉಳಿದವರು ನೋಡಿದ್ದೆಲ್ಲ ಆ ಒಬ್ಬರ ಫೋನಿಗೆ ತಲುಪುತ್ತದೆ. ನಮ್ಮ ಟಿ.ವಿ.ಯ ಯೂಟ್ಯೂಬ್ ನಮ್ಮ ಮನೆಯವರ ಖಾತೆಯಲ್ಲಿತ್ತು. ಹಾಗಾಗಿ ಮಧ್ಯಾಹ್ನ ಅತ್ತೆಯವರು ಕೇಳಿದ ವಚನ, ಸಂಜೆ ಮಗ ನೋಡಿದ ಆಟ, ರಾತ್ರಿ ಮಗಳು ನೋಡಿದ ವಿಡಿಯೊ ಎಲ್ಲವೂ ಕಚೇರಿಯಲ್ಲಿ ಕುಳಿತಿದ್ದ ಅವರ ಫೋನಿನಲ್ಲಿ ಸಾಲಾಗಿ ಕಾಣುತ್ತಿದ್ದವು. ಅವರು ನೋಡಬೇಕೆಂದು ನೋಡಿದ್ದೇನೂ ಅಲ್ಲ, ಆದರೂ ಮಕ್ಕಳಿಗೆ ತಮ್ಮನ್ನು ಯಾರೋ ಸದಾ ಗಮನಿಸುತ್ತಿದ್ದಾರೆ ಎನಿಸುತ್ತದೆ. ಇದಕ್ಕೆ ಸುಲಭದ ದಾರಿಗಳಿವೆ. ಟಿ.ವಿ.ಗೆಂದೇ ಬೇರೆ ಖಾತೆಯೊಂದನ್ನು ಮಾಡಿ. ಅದರ ವೀಕ್ಷಣೆಯ ಇತಿಹಾಸವನ್ನು ನಿಲ್ಲಿಸಿಡಿ, ಇಲ್ಲವೇ ಮೂರು ತಿಂಗಳಿಗೆ ತಾನಾಗಿ ಅಳಿಸಿಹೋಗುವಂತೆ ಹೊಂದಿಸಿ. ಒಟಿಟಿ ಆ್ಯಪ್‌ಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪ್ರೊಫೈಲ್ ಮಾಡಿಕೊಡಿ. ನೆಟ್‌ಫ್ಲಿಕ್ಸ್‌ನಲ್ಲಿ ಪ್ರೊಫೈಲಿಗೆ ನಾಲ್ಕು ಅಂಕಿಯ ಪಿನ್ ಹಾಕಬಹುದು. ಖಾತೆಯ ಪಾಸ್‌ವರ್ಡ್ ಗೊತ್ತಿರುವವರು ಆ ಪಿನ್ನನ್ನು ಬದಲಾಯಿಸಬಲ್ಲರು, ಆದ್ದರಿಂದ ಅದು ಬೀಗಕ್ಕಿಂತ ಕೋಣೆಯ ಬಾಗಿಲಿಗೆ ಹಾಕಿದ ಪರದೆಯಂತೆ. ಪರದೆ ಸರಿಸಿ ಇಣುಕುವುದಿಲ್ಲವೆಂಬ ಮಾತನ್ನು ಹಣ ಕಟ್ಟುವವರು ಕೊಟ್ಟು ಉಳಿಸಿಕೊಳ್ಳಬೇಕು. ಬಿಲ್ ಕಟ್ಟುವುದರಿಂದ ಇತರರ ಪಟ್ಟಿಯನ್ನು ಓದುವ ಅಧಿಕಾರ ಬರುತ್ತದೆಂದು ನಾನೂ ಒಂದು ಕಾಲಕ್ಕೆ ನಂಬಿದ್ದೆ. ಈಗ ಹಾಗೆ ನಂಬುವುದಿಲ್ಲ.

ಬಂಧುಗಳ ಜೊತೆ ಪಾಸ್‌ವರ್ಡ್ ಹಂಚಿಕೊಳ್ಳುವ ವಿಚಾರದಲ್ಲಿ ಸಂಕೋಚ ಅಡ್ಡ ಬರುತ್ತದೆ. ಚಿತ್ರದುರ್ಗದ ನಾದಿನಿಯ ಮನೆಗೆ ಸೀಮಂತಕ್ಕೆ ಹೋಗಿದ್ದಾಗ ಅವರ ಟಿ.ವಿ.ಯಲ್ಲಿ ನಮ್ಮ ಖಾತೆ ತೆರೆದು, ಮುಚ್ಚುವುದನ್ನು ಮರೆತು ಬಂದಿದ್ದೆವು. ಎಷ್ಟೋ ದಿನ ಅವರು ನೋಡಿದ್ದು ನಮಗೆ, ನಾವು ನೋಡಿದ್ದು ಅವರಿಗೆ ಕಾಣುತ್ತಿತ್ತು. ಹೇಳಲು ಇಬ್ಬರಿಗೂ ಮುಜುಗರ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಸಾಧನಗಳಿಂದಲೂ ಹೊರಬರುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ ಪಾಸ್‌ವರ್ಡ್ ಬದಲಾಯಿಸಿದರೆ ಯಾರ ಮನಸ್ಸಿಗೂ ನೋವಾಗದೆ ಮುಗಿಯುತ್ತದೆ. ಹಳೆಯ ಟಿ.ವಿ. ಮಾರುವಾಗಲೂ ಇದನ್ನೇ ಮಾಡಿ. ಒಟಿಟಿಯ ಪಾಸ್‌ವರ್ಡ್ ಮತ್ತು ಇಮೇಲ್‌ನ ಪಾಸ್‌ವರ್ಡ್ ಎಂದಿಗೂ ಒಂದೇ ಆಗಿರಬಾರದು, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಬೀಗದ ಕೈ ಇಮೇಲ್‌ನಲ್ಲಿರುತ್ತದೆ.

ಸ್ಮಾರ್ಟ್ ಟಿ.ವಿ. ತಾನೂ ನೋಡುತ್ತಿರುತ್ತದೆ. ಪರದೆಯ ಮೇಲೆ ಏನು ಓಡುತ್ತಿದೆ ಎಂಬುದನ್ನು ಗುರುತಿಸಿ ಕಂಪನಿಗೆ ಕಳಿಸುವ ವ್ಯವಸ್ಥೆ ಅನೇಕ ಟಿ.ವಿ.ಗಳಲ್ಲಿ ಇದೆ, ಹೊಸ ಟಿ.ವಿ. ಹಚ್ಚಿದ ದಿನ ನಾವು "ಒಪ್ಪಿದೆ" ಎಂದು ಒತ್ತುತ್ತ ಹೋಗುವ ಪುಟಗಳಲ್ಲಿ ಅದಕ್ಕೂ ಒಪ್ಪಿಗೆ ಸೇರಿರುತ್ತದೆ. ಸೆಟ್ಟಿಂಗ್ಸ್‌ನ ಖಾಸಗಿತನದ ವಿಭಾಗದಲ್ಲಿ ವೀಕ್ಷಣೆಯ ಮಾಹಿತಿ, ಜಾಹೀರಾತು ಎಂಬ ಹೆಸರುಗಳಲ್ಲಿರುವ ಆಯ್ಕೆಗಳನ್ನು ಆಫ್ ಮಾಡಿಬಿಟ್ಟರೂ ಟಿ.ವಿ. ಎಂದಿನಂತೆಯೇ ಕೆಲಸ ಮಾಡುತ್ತದೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದು ಮುಚ್ಚದೆ ಬಂದಿರುವವರೂ ಬಹಳ. ವಾಟ್ಸ್‌ಆ್ಯಪ್‌ನ "ಲಿಂಕ್ಡ್ ಡಿವೈಸಸ್" ಎಂಬ ಪಟ್ಟಿಯನ್ನು ಈಗಲೇ ತೆರೆದು, ಗುರುತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ.

ಮಕ್ಕಳು, ಹಿರಿಯರು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿಯನ್ನು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದಾದ ಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಕಂಪನಿಗಳು ಪೋಷಕರ ಒಪ್ಪಿಗೆ ಪಡೆಯಬೇಕೆಂದೂ, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸಬಾರದೆಂದೂ ಹೇಳುತ್ತದೆ. ಆದರೆ ತಾಯಿಯೊಬ್ಬಳು ಮಗಳ ಫೋನನ್ನು ಎಷ್ಟರಮಟ್ಟಿಗೆ ನೋಡಬಹುದೆಂಬುದನ್ನು ಕಾಯ್ದೆ ತೀರ್ಮಾನಿಸುವುದಿಲ್ಲ. ಅದನ್ನು ಮನೆಯಲ್ಲೇ ಕುಳಿತು ಮಾತಾಡಿಕೊಳ್ಳಬೇಕು.

ನಮ್ಮಲ್ಲಿ ಆಗಿರುವ ಒಪ್ಪಂದ ಹೀಗಿದೆ. ಎಂಟನೇ ತರಗತಿಯವನಿಗೆ ಮಿತಿಗಳಿವೆ, ಆ ಮಿತಿಗಳು ಅವನಿಗೆ ತಿಳಿದಿವೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿಗಳು ಪ್ರತಿಯೊಂದು ಕಾರ್ಯಕ್ರಮಕ್ಕೂ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ವಯಸ್ಸಿನ ಗುರುತು ಹಾಕಬೇಕು. 13+ ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯ ಕೊಡಬೇಕು. ಅವನ ಪ್ರೊಫೈಲನ್ನು 13+ಗೆ ನಿಲ್ಲಿಸಿ, ನಿಲ್ಲಿಸಿದ್ದೇವೆಂದು ಅವನಿಗೆ ಹೇಳಿದೆವು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಹೊಂದಿಸಿದೆವು, ನನ್ನ ಯುಪಿಐ ಪಿನ್ ಬದಲಾಯಿತು. ಮಕ್ಕಳಿಗೆ ಗೊತ್ತಿಲ್ಲದಂತೆ ಅವರ ಫೋನಿನ ಮೆಸೇಜ್‌ಗಳನ್ನು ನಮಗೆ ಕಳಿಸುವ ಗುಪ್ತ ಆ್ಯಪ್‌ಗಳನ್ನು ಹಾಕಬೇಡಿ. ಅವು ಮಗುವಿನ ಮಾಹಿತಿಯನ್ನು ಮೂರನೆಯವರ ಕೈಗೆ ಕೊಡುತ್ತವೆ, ಮತ್ತು ಮಗುವಿಗೆ ತಿಳಿದ ದಿನ ಅದು ನಿಮ್ಮ ಯಾವ ಮಾತನ್ನೂ ನಂಬದು. ಮಗಳ ಫೋನನ್ನು ನಾನು ಮುಟ್ಟುವುದಿಲ್ಲ. ಅವಳ ಜೀವಕ್ಕೆ ಅಪಾಯವೆಂದು ಅನಿಸಿದರೆ ಮಾತ್ರ, ಅದೂ ಅವಳಿಗೆ ಮೊದಲು ಹೇಳಿಯೇ, ನೋಡುವುದೆಂದು ಇಬ್ಬರೂ ಒಪ್ಪಿದ್ದೇವೆ. ಅವಳ ವೀಕ್ಷಣೆಯ ಪಟ್ಟಿ ತೆರೆದದ್ದಕ್ಕೆ ನಾನು ಕ್ಷಮೆ ಕೇಳಿದೆ, ಎಲ್ಲರ ಎದುರು ಕೇಳಿದ ಪ್ರಶ್ನೆಗೆ ಎಲ್ಲರ ಎದುರೇ ಕ್ಷಮೆ ಕೇಳಿದೆ. ದೊಡ್ಡವರು ತಪ್ಪು ಮಾಡಿದಾಗ ಹೀಗೆ ಮಾಡುವುದು ಈ ಕ್ರಮದ ಅಗತ್ಯವಾದ ಭಾಗ ಎಂದೇ ನಾನು ಬರೆಯುತ್ತಿದ್ದೇನೆ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ 2025ರ ಕಾಯ್ದೆ ನಿಷೇಧಿಸಿದೆ. ಅಂಥ ಆ್ಯಪ್ ಮಗುವಿನ ಫೋನಿನಲ್ಲಿ ಕಂಡರೆ ಬೈಯುವ ಮೊದಲು ಎಷ್ಟು ಹೋಯಿತು, ಯಾರು ಕಳಿಸಿದ ಲಿಂಕ್ ಎಂದು ಸಮಾಧಾನದಿಂದ ಕೇಳಿ. ಬೈದರೆ ಮುಂದಿನ ಮೊತ್ತ ನಿಮಗೆ ತಿಳಿಯುವುದಿಲ್ಲ.

ಹಿರಿಯರ ವಿಷಯದಲ್ಲಿ ನಾವು ಬೇರೊಂದು ಬಗೆಯ ತಪ್ಪು ಮಾಡುತ್ತೇವೆ. ಸಹಾಯದ ಹೆಸರಿನಲ್ಲಿ ಅವರ ಪಿನ್, ಅವರ ಒಟಿಪಿ, ಅವರ ಪಾಸ್‌ಬುಕ್ ಎಲ್ಲವನ್ನೂ ನಮ್ಮ ಕೈಗೆ ತೆಗೆದುಕೊಂಡುಬಿಡುತ್ತೇವೆ. ಪಕ್ಕದಲ್ಲಿ ಕುಳಿತು, ಅವರ ಬೆರಳಿನಿಂದಲೇ ಒತ್ತಿಸಿ, ಪಿನ್ ಹಾಕುವಾಗ ಮುಖ ಆಚೆ ತಿರುಗಿಸಿದರೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಅವರ ಹಣ ಅವರದಾಗಿ ಉಳಿಯುತ್ತದೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ ಎಂಬ ಒಂದು ಸಂಗತಿಯನ್ನು ಅವರಿಗೆ ಮತ್ತೆ ಮತ್ತೆ ಹೇಳಿ. ಉಚಿತ ರೀಚಾರ್ಜಿನ ಲಿಂಕ್ ಒತ್ತಿ ಹಣ ಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ; ನಂತರ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಊರಿನ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಮೊದಲ ಒಂದೆರಡು ಗಂಟೆಯೊಳಗೆ ಹೇಳಿದರೆ ಹಣವನ್ನು ನಡುವೆಯೇ ತಡೆಹಿಡಿಯುವ ಅವಕಾಶ ಹೆಚ್ಚು. ಬೈಯುತ್ತಾರೆಂಬ ಹೆದರಿಕೆಯಿಂದ ಅಜ್ಜ ಅಜ್ಜಿಯರು ಆ ಗಂಟೆಗಳನ್ನು ಸುಮ್ಮನೆ ಕಳೆಯಬಾರದು.

ತಿಂಗಳ ಹದಿನೈದು ನಿಮಿಷ

ತಿಂಗಳ ಮೊದಲ ಭಾನುವಾರ ತಿಂಡಿಯಾದ ಮೇಲೆ ನಾವೆಲ್ಲ ಕ್ಯಾಲೆಂಡರಿನ ಮುಂದೆ ಹದಿನೈದು ನಿಮಿಷ ಕೂರುತ್ತೇವೆ. ಹೋದ ತಿಂಗಳು ಎಷ್ಟು ಹೋಯಿತು, ಈ ತಿಂಗಳು ಯಾವ ಕೆಂಪು ಗುರುತುಗಳಿವೆ, ಯಾರಿಗೆ ಏನು ಬೇಕು ಅಥವಾ ಬೇಡ ಎಂಬ ಮೂರೇ ಮಾತು. ಮಗನೂ ಲೆಕ್ಕ ಕೂಡಿಸುತ್ತಾನೆ. ತಾನು ಕೂಡಿಸಿದ ಮೊತ್ತವನ್ನು ಮಕ್ಕಳು ಮರೆಯುವುದಿಲ್ಲ. ಕಾರ್ಯಕ್ರಮಗಳ ಹೆಸರು ಅಲ್ಲಿ ಬರುವುದಿಲ್ಲ, ಯಾರಾದರೂ ತಾವಾಗಿ ಹೇಳಿದರೆ ಆ ಮಾತು ಬೇರೆ. ಈಚೆಗೆ ಮಗಳು ತಾನಾಗಿಯೇ ಒಂದು ಆ್ಯಪ್‌ನ ಹೆಸರು ಹೇಳಿ, ಅದರಲ್ಲಿ ನಿದ್ದೆಗೆ ಹೋಗುವ ಮುನ್ನ ಕೇಳುವ ಧ್ವನಿಗಳಿವೆ, ತಿಂಗಳಿಗೆ 99 ರೂಪಾಯಿ, ಎರಡು ತಿಂಗಳು ಸಾಕು ಎಂದಳು. ಯಾರೂ ಏನೂ ಕೇಳಲಿಲ್ಲ. ಅತ್ತೆಯವರು ಕೆಂಪು ಪೆನ್ನು ತೆಗೆದು ಅವಳ ಕೈಗೆ ಕೊಟ್ಟರು, ಎರಡನೆಯ ತಿಂಗಳ ಕೊನೆಯ ವಾರದ ಚೌಕದಲ್ಲಿ ಅವಳೇ ಬರೆದಳು.

ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನ ಹಳೆಯದನ್ನು ರದ್ದಿಗೆ ಹಾಕುವ ಮುನ್ನ, ವಾರ್ಷಿಕ ಚಂದಾಗಳ ತಾರೀಖುಗಳನ್ನು ಹೊಸದಕ್ಕೆ ಇಳಿಸಿಕೊಳ್ಳಿ, ಹನ್ನೆರಡು ತಿಂಗಳ ಮೊತ್ತಗಳನ್ನು ಹೊಸ ಕ್ಯಾಲೆಂಡರಿನ ಕೊನೆಯ ಹಾಳೆಯ ಬೆನ್ನಿಗೆ ಬರೆದಿಡಿ. ಪಿನ್ ಮತ್ತು ಪಾಸ್‌ವರ್ಡ್‌ಗಳನ್ನು ಮಾತ್ರ ಆ ಗೋಡೆಯ ಮೇಲೆ ಎಲ್ಲೂ ಬರೆಯಬೇಡಿ.